ಸೋಪ್ ಬಿಟ್ಟು ರೆಸ್ಟ್ ಬಳಸಿ

ಪ್ರಾಜೆಕ್ಟ್ ಜೊತೆ ಕೊಡುವ ರೀಡ್‌ಮಿ ಫೈಲಿನಲ್ಲಿ ಸಂಕ್ಷಿಪ್ತ ಪದಗಳನ್ನು ಬಿಡಿಸಿ ಬರೆಯಬೇಕಾ? ಬರೆಯಲೇಬೇಕು ಅನ್ನೋದು ನಮ್ಮ ವಾದ. "ಓದೋರೂ ಇಂಜಿನಿಯರ್‌ಗಳೇ ಅಲ್ವಾ, ಗೊತ್ತಿರುತ್ತೆ ಬಿಡ್ರೋ" ಅನ್ನೋರೇ ನಮ್ಮಲ್ಲಿ ಜಾಸ್ತಿ. ಅವರಿಗೆ 'ಮ್ಯಾಕ್' ಒಂದನ್ನೇ ತೋರಿಸಿದರೆ ಸಾಕು. ನೆಟ್‌ವರ್ಕ್ ಪಾಠದಲ್ಲಿ ಅದು ಮೀಡಿಯಾ ಆಕ್ಸೆಸ್ ಕಂಟ್ರೋಲ್. ಕ್ರಿಪ್ಟೋಗ್ರಫಿಯಲ್ಲಿ ಮೆಸೇಜ್ ಅಥೆಂಟಿಕೇಶನ್ ಕೋಡ್. ಸಿಗ್ನಲ್ ಪ್ರೊಸೆಸಿಂಗ್ ಓದುವ ಇಸಿ ಬ್ರಾಂಚಿನವರಿಗೆ ಮಲ್ಟಿಪ್ಲೈ-ಅಕ್ಯುಮುಲೇಟ್, ಅಂದರೆ ಗುಣಿಸಿ ಗುಣಿಸಿ ಕೂಡಿಸುತ್ತಾ ಹೋಗುವ ಲೆಕ್ಕ. ಗೂಗಲ್ ಮಾಡಿದ್ರೆ ಲ್ಯಾಪ್‌ಟಾಪೂ ಲಿಪ್‌ಸ್ಟಿಕ್ಕೂ ಸಿಗುತ್ತವೆ. "ಮ್ಯಾಕ್ ಸರಿಯಿಲ್ಲದಿದ್ದರೆ ಪ್ಯಾಕೆಟ್ ಡ್ರಾಪ್ ಮಾಡು" ಅಂತ ಬರೆದಿಟ್ಟು ಸೀನಿಯರ್ ಪಾಸಾಗಿ ಹೋದರೆ, ಆ ಕೋಡ್ ಮುಂದುವರಿಸುವ ಜೂನಿಯರ್ ಯಾರನ್ನು ಕೇಳಬೇಕು? ವಿಳಾಸ ನೋಡಬೇಕಾ, ಸಂದೇಶದ ಮುದ್ರೆ ನೋಡಬೇಕಾ?

ಇಂಟರ್ನೆಟ್ಟಿನ ನಿಯಮಗಳು ಬರುವುದು ಆರ್‌ಎಫ್‌ಸಿ, ಅಂದರೆ ರಿಕ್ವೆಸ್ಟ್ ಫಾರ್ ಕಾಮೆಂಟ್ಸ್ ಅನ್ನುವ ದಾಖಲೆಗಳಲ್ಲಿ (ಹೇಳೋರೇ ಬಿಡಿಸದಿದ್ರೆ ಹೇಗೆ!). ಅವನ್ನು ಬರೆಯುವ ರೀತಿ ಹೇಳುವ 2014ರ ಆರ್‌ಎಫ್‌ಸಿ 7322, ಶೀರ್ಷಿಕೆಯಲ್ಲೂ ಮೊದಲ ಸಲ ಬಂದಾಗಲೂ ಬಿಡಿಸಿ ಬರೆಯಿರಿ ಅನ್ನುತ್ತೆ. ತೀರಾ ಪರಿಚಿತವಾದವಕ್ಕೆ ವಿನಾಯಿತಿ ಇದೆ. ನಮ್ಮ ತಕರಾರು ಆ ವಿನಾಯಿತಿಯ ಬಗ್ಗೆಯೇ. ಪರಿಚಿತ ಅಂದ್ರೆ ಯಾರಿಗೆ? ಫೈನಲ್ ಇಯರ್‌ನವರಿಗೆ ನೀರು ಕುಡಿದಷ್ಟು ಸಲೀಸಾದದ್ದು, ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಕ್ಯಾಂಪಸ್‌ಗೆ ಬಂದವರಿಗೆ ಹೊಸದು. ಕೇಳಿದ್ರೆ ನಗ್ತಾರೇನೋ ಅಂತ ಅವರು ಕೇಳೋದೂ ಇಲ್ಲ.

ಹಾಗಂತ ಬಿಡಿಸಿದ ಕೂಡಲೇ ಎಲ್ಲಾ ತಿಳಿಯುತ್ತೆ ಅಂತಲ್ಲ. ಪಿಎಚ್‌ಪಿ ಅಂದರೆ 'ಪಿಎಚ್‌ಪಿ: ಹೈಪರ್‌ಟೆಕ್ಸ್ಟ್ ಪ್ರಿಪ್ರೊಸೆಸರ್', ಬಿಡಿಸಿದಷ್ಟೂ ಒಳಗಿಂದ ಮತ್ತೊಂದು ಪಿಎಚ್‌ಪಿ! ಇಂಥ ಕಡೆ ಅದು ಏನು ಮಾಡುತ್ತೆ ಅಂತ ಒಂದು ಸಾಲು ಬರೆದರೆ ಹೆಚ್ಚು ಉಪಯೋಗ. ಕುವೆಂಪು ಅಂದಾಗ ಯಾರೂ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂತ ಬಿಡಿಸುತ್ತಾ ಕೂರೋದಿಲ್ಲವಲ್ಲ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಪೇಚು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ನೋಡಿದ ಕೂಡಲೇ ಇದು ಸಂಕ್ಷಿಪ್ತ ಪದ ಅಂತ ಗೊತ್ತಾಗುತ್ತೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ವೆಬ್ ಸರ್ವಿಸ್ ಬಗ್ಗೆ "ಸೋಪ್ ಬಿಟ್ಟು ರೆಸ್ಟ್ ಬಳಸಿ" ಅಂತ ಬರೆದರೆ, ಸ್ನಾನ ಬಿಟ್ಟು ಮಲಗೋಕೆ ಹೇಳಿದ ಹಾಗಿರುತ್ತೆ! 'ರೆಪ್ರೆಸೆಂಟೇಶನಲ್ ಸ್ಟೇಟ್ ಟ್ರಾನ್ಸ್‌ಫರ್, ಚಿಕ್ಕದಾಗಿ ರೆಸ್ಟ್' ಅಂತ ಒಮ್ಮೆ ಬರೆದರೆ ಓದುವವರು ಎಚ್ಚರವಾಗುತ್ತಾರೆ.

"ಕೊನೇ ಪುಟದಲ್ಲಿ ಪಟ್ಟಿ ಹಾಕಿದ್ದೀವಲ್ಲ" ಅಂತೀರಾ? ಬೈಂಡ್ ಮಾಡಿದ ರಿಪೋರ್ಟ್‌ಗೆ ಅದು ಸರಿ. ಆನ್‌ಲೈನ್ ಕೈಪಿಡಿಗೆ ಜನ ಬರೋದು ಹುಡುಕಾಟದಿಂದ, ನೇರ ನಡುವಿನ ಯಾವುದೋ ಪುಟಕ್ಕೆ. ಅಲ್ಲಿ ಪ್ರತಿ ಪುಟದಲ್ಲೂ ಮೊದಲ ಸಲ ಬಿಡಿಸಿ ಬರೀರಿ.