ಉಚ್ಚಾರಣೆ ತಿದ್ದುವುದು ತಯಾರಿಯಲ್ಲ

ಬಿಸಿನೆಸ್ ಸ್ಕೂಲ್ ಸಂದರ್ಶನದ ತಯಾರಿಯೆಂದರೆ ಇಂಗ್ಲಿಷ್ ಉಚ್ಚಾರಣೆ ತಿದ್ದುವುದು, 'ಎಂಬಿಎ ಯಾಕೆ?' ಎಂಬುದಕ್ಕೆ ಉತ್ತರ ಬಾಯಿಪಾಠ ಮಾಡಿಸುವುದು ಎಂದೇ ಅನೇಕ ಕೋಚಿಂಗ್ ಸೆಂಟರುಗಳು ತಿಳಿದಿವೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ ಬರೆಯುತ್ತ, ಯಾರನ್ನು ಎಷ್ಟು ನಂಬಬೇಕೆಂದು ಕಲಿತ ದಾವಣಗೆರೆಯ ಹುಡುಗಿ ಅದನ್ನು ಮುಚ್ಚಿಟ್ಟು 'ಲೀಡರ್‌ಶಿಪ್' ಮಂತ್ರ ಪಠಿಸಬೇಕು.

ಕ್ಯಾಟ್ ಪರೀಕ್ಷೆಯಲ್ಲಿ ಇಂಗ್ಲಿಷಿಗೆಂದೇ ಒಂದು ವಿಭಾಗವಿದೆ. ಭಾಷೆಯ ಪರೀಕ್ಷೆ ಅಲ್ಲಿಗೆ ಮುಗಿಯಬೇಕು. ಸಂದರ್ಶನ ಅಳೆಯಬೇಕಾದದ್ದು ಯೋಚನೆಯನ್ನು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಯುಪಿಎಸ್‌ಸಿಯ 275 ಅಂಕಗಳ ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಜಿಲ್ಲೆ ನಡೆಸಲು ಸಾಕಾಗುವ ಕನ್ನಡ ಕಂಪನಿ ನಡೆಸಲು ಸಾಲದೇ? 1973ರಿಂದ ಬೆಂಗಳೂರಿನಲ್ಲಿರುವ ಐಐಎಂ ಒಬ್ಬ ದುಭಾಷಿಯನ್ನಾದರೂ ಕೂರಿಸಲಿ. ಅಲ್ಲಿಯವರೆಗೆ ಅಭ್ಯರ್ಥಿಗಳು ಅಂಗಡಿಯ ಲೆಕ್ಕವನ್ನೇ ಹೇಳಲಿ, ಹರುಕುಮುರುಕು ಇಂಗ್ಲಿಷಿನಲ್ಲಾದರೂ ಸರಿ.