30 ಎಫ್‌ಪಿಎಸ್ ಆದರೂ ಡೂಮ್ ಡೂಮೇ

ನಮ್ಮ ಹಾಸ್ಟೆಲ್‌ನಲ್ಲಿ ಯಾವುದೇ ಗೇಮ್ ಬಗ್ಗೆ ಮಾತು ಶುರುವಾದರೂ ಎರಡನೇ ವಾಕ್ಯಕ್ಕೆ ಬರೋ ಪ್ರಶ್ನೆ ಒಂದೇ: "ಎಷ್ಟು ಎಫ್‌ಪಿಎಸ್?" ಉತ್ತರ 60ಕ್ಕಿಂತ ಕಡಿಮೆ ಇದ್ದರೆ ಚರ್ಚೆ ಅಲ್ಲಿಗೇ ಮುಗೀತು. "ಹಂಗಾದ್ರೆ ವೇಸ್ಟ್ ಬಿಡು ಮಗಾ." ಗೇಮ್ ಹೇಗಿದೆ, ಆಡುವಾಗ ಏನನ್ನಿಸುತ್ತೆ ಅಂತ ಯಾರೂ ಕೇಳಲ್ಲ. ಈ ತೀರ್ಪು ಸರಿಯಿಲ್ಲ ಅನ್ನೋದು ನಮ್ಮ ವಾದ. ಸಾಕ್ಷಿಯಾಗಿ ನಾವು ಕರೆತಂದಿರುವುದು ನಿಂಟೆಂಡೋ ಸ್ವಿಚ್‌ಗೆ ಬಂದ ಡೂಮ್. ಈ ಸಲದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಒಂದು ಹಳೇ ಸ್ವಿಚ್ ಅನ್ನು ಕೈಯಿಂದ ಕೈಗೆ ದಾಟಿಸುತ್ತಾ ಇದನ್ನ ಪೂರ್ತಿ ಮುಗಿಸಿದೆವು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೊದಲ ಡೂಮ್ 1993ರದ್ದು, ಅಮೆರಿಕದ ಐಡಿ ಸಾಫ್ಟ್‌ವೇರ್ ಮಾಡಿದ್ದು. ಅದೇ ಸಂಸ್ಥೆ 2016ರ ಮೇ ತಿಂಗಳಲ್ಲಿ ಅದೇ ಹೆಸರಿನ ಹೊಸ ಗೇಮ್ ಅನ್ನು ಪಿಎಸ್4, ಎಕ್ಸ್‌ಬಾಕ್ಸ್ ಒನ್ ಮತ್ತು ಪಿಸಿಗೆ ತಂದಿತು. ಕಥೆ ಸಿಂಪಲ್: ಮಂಗಳ ಗ್ರಹದಲ್ಲಿ ಒಂದು ಕಂಪನಿ ನರಕದಿಂದ ಎನರ್ಜಿ ತೆಗೆಯೋಕೆ ಹೋಗಿ ಎಡವಟ್ಟು ಮಾಡಿಕೊಂಡಿದೆ, ರಾಕ್ಷಸರು ಒಳಗೆ ನುಗ್ಗಿದ್ದಾರೆ, ಅವರನ್ನ ನಾವು ವಿಚಾರಿಸಿಕೊಳ್ಳಬೇಕು. ಕಥೆಗೋಸ್ಕರ ಯಾರೂ ಡೂಮ್ ಆಡಲ್ಲ, ಅದರ ಓಟಕ್ಕೋಸ್ಕರ ಆಡ್ತಾರೆ. 2017ರ ನವೆಂಬರ್‌ನಲ್ಲಿ ಪ್ಯಾನಿಕ್ ಬಟನ್ ಅನ್ನೋ ಟೆಕ್ಸಸ್‌ನ ಸ್ಟುಡಿಯೋ ಇದನ್ನ ಸ್ವಿಚ್‌ಗೆ ಪೋರ್ಟ್ ಮಾಡಿತು. ಕನ್ಸೋಲ್‌ನಲ್ಲಿ 60 ಎಫ್‌ಪಿಎಸ್ ಗುರಿ ಇಟ್ಟುಕೊಂಡು ಓಡುತ್ತಿದ್ದ ಗೇಮ್, ಸ್ವಿಚ್‌ನಲ್ಲಿ 30 ಆಯಿತು.

ಈಗ ನಾವು ಎಂಜಿನಿಯರಿಂಗ್ ಓದುವವರು, ಸ್ವಲ್ಪ ಲೆಕ್ಕ ಹಾಕೋಣ. ಪಿಎಸ್4ನಲ್ಲಿ 8 ಜಿಬಿ ಮೆಮೊರಿ, ಸೆಕೆಂಡಿಗೆ 176 ಜಿಬಿ ಬ್ಯಾಂಡ್‌ವಿಡ್ತ್. ಸ್ವಿಚ್‌ನ ಟೆಗ್ರಾ ಎಕ್ಸ್1 ಚಿಪ್‌ಗೆ 4 ಜಿಬಿ ಮೆಮೊರಿ, ಬ್ಯಾಂಡ್‌ವಿಡ್ತ್ ಹೆಚ್ಚೆಂದರೆ 25.6 ಜಿಬಿ. ಅಂದ್ರೆ ಸುಮಾರು ಏಳನೇ ಒಂದು ಭಾಗ. ಪವರ್ ಕಥೆ ಇನ್ನೂ ಮಜಾ ಇದೆ. ಮೊದಲ ಸ್ವಿಚ್‌ನ ಬ್ಯಾಟರಿ 16 ವ್ಯಾಟ್-ಅವರ್. ಭಾರೀ ಗೇಮ್ ಆಡಿದರೆ ಎರಡೂವರೆ ಗಂಟೆ ಬರುತ್ತೆ ಅಂತ ಕಂಪನಿಯೇ ಹೇಳಿದೆ. ಭಾಗಿಸಿ ನೋಡಿ: 6.4 ವ್ಯಾಟ್. ಚಿಪ್, ಸ್ಕ್ರೀನ್, ಸ್ಪೀಕರ್, ವೈಫೈ ಎಲ್ಲ ಸೇರಿ! ನಮ್ಮ ರೂಮಿನ ಎಲ್‌ಇಡಿ ಬಲ್ಬ್ 9 ವ್ಯಾಟ್ ತಿನ್ನುತ್ತೆ. ಬಲ್ಬ್‌ಗಿಂತ ಕಡಿಮೆ ಕರೆಂಟ್‌ನಲ್ಲಿ ಒಂದು ಇಡೀ ನರಕ ಓಡ್ತಾ ಇದೆ ಅಂದ್ಮೇಲೆ, "ಯಾಕೆ ಬರೀ 30?" ಅಂತ ಕೇಳೋದಕ್ಕಿಂತ "30 ಹೆಂಗೆ ಬಂತು?" ಅಂತ ಕೇಳೋದು ನ್ಯಾಯ.

ಹೆಂಗೆ ಬಂತು ಅಂದ್ರೆ, ಕತ್ತರಿಸಿದರು. 60 ಎಫ್‌ಪಿಎಸ್ ಅಂದ್ರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಸಮಯ. 30 ಮಾಡಿದ ಕೂಡಲೇ 33.3 ಸಿಗುತ್ತೆ. ಅಷ್ಟೂ ಸಾಲದಿದ್ದಾಗ ರೆಸಲ್ಯೂಶನ್ ತಾನಾಗೇ ಇಳಿಯುತ್ತೆ. ಸೀನ್ ಭಾರವಾದಷ್ಟೂ ಪಿಕ್ಸೆಲ್ ಕಡಿಮೆ, ಹಗುರವಾದರೆ ಜಾಸ್ತಿ. ಕೈಯಲ್ಲಿ ಹಿಡಿದು ಆಡುವಾಗ ಸ್ಕ್ರೀನ್‌ನ 720ಪಿಗಿಂತ ಕೆಳಗೇ ಹೆಚ್ಚು ಹೊತ್ತು ಇರುತ್ತೆ. ಟೆಕ್ಸ್ಚರ್, ನೆರಳು ಎಲ್ಲ ಒಂದೊಂದು ಮೆಟ್ಟಿಲು ಕೆಳಗೆ. ಸ್ವಂತ ಲೆವೆಲ್ ಕಟ್ಟಿಕೊಳ್ಳಲು ಇದ್ದ ಸ್ನ್ಯಾಪ್‌ಮ್ಯಾಪ್ ಪೂರ್ತಿ ಔಟ್. ಮಲ್ಟಿಪ್ಲೇಯರ್ ಇದೆ, ಆದರೆ ಕಾರ್ಟ್ರಿಜ್‌ನಲ್ಲಿಲ್ಲ, ಬೇರೆಯಾಗಿ ಡೌನ್‌ಲೋಡ್ ಮಾಡಿಕೊಳ್ಳಬೇಕು.

ಪಟ್ಟಿ ದೊಡ್ಡದೇ ಇದೆ. ಆದರೆ ಏನನ್ನ ಮುಟ್ಟಿಲ್ಲ ನೋಡಿ. ಡೂಮ್‌ನ ಜೀವ ಇರೋದು ಒಂದು ನಿಯಮದಲ್ಲಿ: ಹೆದರಿ ಹಿಂದೆ ಸರಿದರೆ ಸತ್ತೆ, ಮುಂದೆ ನುಗ್ಗಿದರೆ ಬದುಕಿದೆ. ಬೇರೆ ಶೂಟರ್‌ಗಳಲ್ಲಿ ಏಟು ಬಿದ್ದರೆ ಗೋಡೆ ಹಿಂದೆ ಕೂತು ಹೆಲ್ತ್ ವಾಪಸ್ ಬರೋವರೆಗೆ ಕಾಯ್ತೀವಿ. ಇಲ್ಲಿ ಹೆಲ್ತ್ ತಾನಾಗೇ ಬರಲ್ಲ. ರಾಕ್ಷಸನಿಗೆ ಸಾಕಷ್ಟು ಏಟು ಬಿದ್ದರೆ ಅವನು ತತ್ತರಿಸಿ ನಿಲ್ತಾನೆ, ಮೈಯೆಲ್ಲ ಮಿನುಗುತ್ತೆ. ಆಗ ಓಡಿಹೋಗಿ ಕೈಯಾರೆ ಮುಗಿಸಿದರೆ ಹೆಲ್ತ್ ಉದುರುತ್ತೆ. ಗುಂಡು ಖಾಲಿಯಾಯ್ತಾ? ಚೈನ್‌ಸಾದಲ್ಲಿ ಸೀಳಿದರೆ ಗುಂಡು ಉದುರುತ್ತೆ. ರೀಲೋಡ್ ಅನ್ನೋದೇ ಇಲ್ಲ. ಅಂದ್ರೆ ನಮಗೆ ಬೇಕಾದ್ದೆಲ್ಲ ಇರೋದು ಶತ್ರು ಹತ್ತಿರವೇ. ಸಾಯೋಕೆ ಇನ್ನೊಂದೇ ಏಟು ಬಾಕಿ ಇರುವಾಗ ನಾಲ್ಕು ಜನ ನಿಂತಿರೋ ಕಡೆಗೇ ಓಡಬೇಕು. ಆ ಕ್ಷಣದ ಎದೆಬಡಿತ 6.2 ಇಂಚಿನ ಸ್ಕ್ರೀನ್‌ನಲ್ಲೂ ಅಷ್ಟೇ ಜೋರು.

ಮುಖ್ಯವಾದ ಮಾತು ಇದು: ಈ ನಿಯಮ ಕಣ್ಣಿಗೆ ಕಾಣೋದು ಬಣ್ಣದಲ್ಲಿ. ತತ್ತರಿಸಿದವನು ದೂರದಲ್ಲಿದ್ದರೆ ನೀಲಿ, ಕೈಗೆ ಸಿಗುವಷ್ಟು ಹತ್ತಿರ ಬಂದರೆ ಕಿತ್ತಳೆ. ಚಿತ್ರ ಎಷ್ಟೇ ಮಸುಕಾದರೂ ಬಣ್ಣ ಹಾಗೇ ಇರುತ್ತೆ. ಗೋಡೆಯ ತುಕ್ಕು ಸರಿಯಾಗಿ ಕಾಣದಿದ್ದರೆ ನಷ್ಟವಿಲ್ಲ, ಆ ಕಿತ್ತಳೆ ಕಾಣದಿದ್ದರೆ ಗೇಮ್ ಸತ್ತಂತೆ. ಶತ್ರುಗಳು, ಲೆವೆಲ್‌ಗಳು, ಮಿಕ್ ಗಾರ್ಡನ್ ಅವರ ಹೆವಿ ಮೆಟಲ್ ಸಂಗೀತ ಎಲ್ಲ ಉಳಿದಿದೆ. ಬೆಲೆ ಕಟ್ಟಬೇಕಾದ ಜಾಗ ಯಾವುದು, ಬಿಟ್ಟುಕೊಡಬಹುದಾದ ಜಾಗ ಯಾವುದು ಅಂತ ಆ ತಂಡಕ್ಕೆ ಗೊತ್ತಿತ್ತು. ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲಿ ಡೆಡ್‌ಲೈನ್ ಹತ್ತಿರ ಬಂದಾಗ ಎಲ್ಲವನ್ನೂ ಸಮಾನವಾಗಿ ಅರ್ಧರ್ಧ ಮಾಡಿ ಕೊಡೋದು ವಾಡಿಕೆ. ಹತ್ತು ಫೀಚರ್, ಒಂದೂ ನೆಟ್ಟಗಿಲ್ಲ. ಮೂರು ಬಿಸಾಕಿ ಏಳನ್ನ ಗಟ್ಟಿ ಮಾಡೋದು ಹೆಂಗೆ ಅನ್ನೋದಕ್ಕೆ ಈ ಪೋರ್ಟ್ ಒಳ್ಳೇ ಲ್ಯಾಬ್ ಮ್ಯಾನ್ಯುಯಲ್.

ಹಾಗಂತ ಕಣ್ಣು ಮುಚ್ಚಿಕೊಂಡು ಹೊಗಳಲ್ಲ. ದೂರದ ಕಟ್ಟೆ ಮೇಲೆ ನಿಂತು ಬೆಂಕಿಯುಂಡೆ ಎಸೆಯುವ ಇಂಪ್‌ಗಳು ಹ್ಯಾಂಡ್‌ಹೆಲ್ಡ್‌ನಲ್ಲಿ ಕಂದು ಹಿನ್ನೆಲೆಯ ಮೇಲೆ ಕಂದು ಚುಕ್ಕೆ. ಏಟು ಬಿದ್ದ ಮೇಲೆಯೇ ಅವರು ಅಲ್ಲಿದ್ದಾರೆ ಅಂತ ಗೊತ್ತಾಗೋದು. ಜನ ಸೇರಿದ ದೊಡ್ಡ ಫೈಟ್‌ಗಳಲ್ಲಿ 30 ಕೂಡ ನಿಲ್ಲದೆ ಜಾರುತ್ತೆ. ಸತ್ತಾಗಲೆಲ್ಲ ಬರುವ ಲೋಡಿಂಗ್ ಸ್ಕ್ರೀನ್ ತಾಳ್ಮೆ ಪರೀಕ್ಷೆ ಮಾಡುತ್ತೆ. ಜಾಯ್-ಕಾನ್‌ನ ಪುಟಾಣಿ ಸ್ಟಿಕ್‌ನಲ್ಲಿ ಗುರಿ ಇಡೋದು ಚಮಚದಲ್ಲಿ ಬಾವಿ ತೋಡಿದಂತೆ. 2018ರ ಅಪ್‌ಡೇಟ್‌ನಲ್ಲಿ ಜೈರೋ ಏಮಿಂಗ್ ಬಂತು. ಸ್ಟಿಕ್‌ನಲ್ಲಿ ಅಂದಾಜು ತಿರುಗಿಸಿ, ಕೊನೆಯ ಚೂರನ್ನ ಕೈ ಅಲ್ಲಾಡಿಸಿ ಸರಿಮಾಡಿಕೊಳ್ಳಬಹುದು. ಅದನ್ನ ಆನ್ ಮಾಡದೆ ಈ ಗೇಮ್ ಆಡಲೇಬೇಡಿ. ಬೆಲೆ ವಿಷಯದಲ್ಲಂತೂ ಅನ್ಯಾಯ ಇತ್ತು. ಬೇರೆ ಕಡೆ ಒಂದೂವರೆ ವರ್ಷ ಹಳತಾಗಿ ಬೆಲೆ ಇಳಿದಿದ್ದ ಗೇಮ್ ಅನ್ನು, ಸ್ನ್ಯಾಪ್‌ಮ್ಯಾಪ್ ತೆಗೆದು, ಇಲ್ಲಿ ಹೊಸ ಗೇಮ್‌ನ ಪೂರ್ತಿ 60 ಡಾಲರ್‌ಗೆ ಮಾರಿದರು.

ಡೂಮ್‌ಗೆ ಹೀಗೆ ಚಿಕ್ಕ ಯಂತ್ರಗಳಿಗೆ ಇಳಿಯುವುದು ಹೊಸದೂ ಅಲ್ಲ. 1995ರಲ್ಲಿ ರ‍್ಯಾಂಡಿ ಲಿಂಡೆನ್ ಅದನ್ನ ಸೂಪರ್ ನಿಂಟೆಂಡೋಗೆ ತಂದಾಗ ಕಾರ್ಟ್ರಿಜ್ ಒಳಗೇ ಇನ್ನೊಂದು ಚಿಪ್ ಇಡಬೇಕಾಯಿತು. ನೆಲಕ್ಕೂ ಸೂರಿಗೂ ಚಿತ್ತಾರ ಇಲ್ಲ, ಬರೀ ಬಣ್ಣ. 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದಾಗ ಸ್ಕ್ರೀನ್ 240×160, ರಕ್ತ ಹಸಿರು! ಅವನ್ನೇ ತಮ್ಮ ಮೊದಲ ಡೂಮ್ ಆಗಿ ಆಡಿದವರಿಗೆ "ನೀವು ಆಡಿದ್ದು ಡೂಮೇ ಅಲ್ಲ" ಅಂತ ಹೇಳೋ ಹಕ್ಕು ಯಾರಿಗಿದೆ?

ನಮ್ಮ ತಕರಾರು ಇರೋದು ಇದೇ ಮಾತಿನ ಬಗ್ಗೆ. "ಅದನ್ನ ಅಸಲಿ ಹಾರ್ಡ್‌ವೇರ್‌ನಲ್ಲಿ ಆಡಿಲ್ಲ ಅಂದ್ರೆ ಆಡಿದಂಗೇ ಅಲ್ಲ" ಅನ್ನೋ ಮಾತು ಕೇಳೋಕೆ ಟೆಕ್ನಿಕಲ್ ಅನ್ನಿಸುತ್ತೆ. ಆದರೆ ಅದರ ಹಿಂದೆ ಇರೋದು ಯಾರ ಹತ್ತಿರ ಗ್ರಾಫಿಕ್ಸ್ ಕಾರ್ಡ್ ಇದೆ ಅನ್ನೋ ಲೆಕ್ಕ. ನಮ್ಮ ಕ್ಲಾಸಿನಲ್ಲಿ ಅಪ್ಪ-ಅಮ್ಮ ಕಂತಿನಲ್ಲಿ ಕೊಡಿಸಿದ ಲ್ಯಾಪ್‌ಟಾಪ್‌ನಲ್ಲಿ ಕೋಡೂ ಬರೆದು, ಸೆಟ್ಟಿಂಗ್ ಎಲ್ಲ ಲೋ ಮಾಡಿ ಗೇಮೂ ಆಡುವವರೇ ಜಾಸ್ತಿ. ಅವರು ಗೇಮ್ ಬಗ್ಗೆ ಮಾತಾಡೋಕೆ ಬಂದಾಗ ಎಫ್‌ಪಿಎಸ್ ಕೇಳಿ ಬಾಯಿ ಮುಚ್ಚಿಸಿದರೆ, ಗೇಮ್ ಬಗ್ಗೆ ಅವರಿಗೆ ಗೊತ್ತಿರೋದು ನಮಗೆ ಸಿಗೋದೇ ಇಲ್ಲ. ನಾವು ಮೂವರೂ ಇಂಗ್ಲಿಷ್ ಮೀಡಿಯಂನವರು. ಕನ್ನಡಕ್ಕೆ ಅನುವಾದವಾದ ಪುಸ್ತಕ ಅಂದ್ರೆ ಮೂಲ ಓದೋಕಾಗದವರಿಗೆ ಮಾತ್ರ ಅನ್ನೋ ಮಾತನ್ನ ಬೇಕಾದಷ್ಟು ಕೇಳಿದ್ದೇವೆ. ಅದೂ ಇದೇ ಜಾತಿಯ ಮಾತು. ಒಳ್ಳೇ ಅನುವಾದಕ ಪದಪದವನ್ನೂ ಹೊತ್ತು ತರಲ್ಲ. ಯಾವುದು ಬಿಟ್ಟರೂ ಕಥೆ ನಿಲ್ಲುತ್ತೆ ಅಂತ ತಿಳಿದು ಬಿಡ್ತಾನೆ. ಒಳ್ಳೇ ಪೋರ್ಟ್ ಮಾಡೋರೂ ಅಷ್ಟೇ.

ಕೊನೆಗೆ ನಮ್ಮ ತೀರ್ಪು. ಒಳ್ಳೇ ಪಿಸಿ ಅಥವಾ ಪಿಎಸ್4 ಇರುವವರು ಡೂಮ್ ಅನ್ನು ಅಲ್ಲೇ ಆಡಿ, ಅದು ಇನ್ನೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸ್ವಿಚ್ ಇರುವವರು, ಅಥವಾ ಸ್ವಿಚ್ ಇರೋ ಕಸಿನ್ ಇರುವವರು, ಸೇಲ್‌ನಲ್ಲಿ ಬೆಲೆ ಇಳಿದಾಗ ಧೈರ್ಯವಾಗಿ ತಗೊಳ್ಳಿ. ಜೈರೋ ಆನ್ ಮಾಡಿ, ಹೆಡ್‌ಫೋನ್ ಹಾಕಿ, ಚಾರ್ಜರ್ ಪಕ್ಕದಲ್ಲಿಟ್ಟುಕೊಳ್ಳಿ. ಆಮೇಲೆ ಯಾರಾದ್ರೂ "ಎಷ್ಟು ಎಫ್‌ಪಿಎಸ್?" ಅಂದ್ರೆ 30 ಅಂತ ಹೇಳಿ, ಸ್ವಿಚ್ ಅನ್ನು ಅವರ ಕೈಗೆ ಕೊಡಿ. ಅರ್ಧ ಗಂಟೆ ಬಿಟ್ಟು ವಾಪಸ್ ಕೇಳಿ ನೋಡಿ, ಕೊಡ್ತಾರಾ ಅಂತ.