ಆಸ್ತಿ ರದ್ದಾದರೆ ಅವ್ವನ ಹಿಂದೆ ಓಡುವವರು ಯಾರು?

ಹೆತ್ತವರನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗುವ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನೂ ಉಯಿಲನ್ನೂ ರದ್ದು ಮಾಡಿಸಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು 2025ರಲ್ಲಿ ಸೂಚಿಸಿದಾಗ ಎಲ್ಲರೂ ಭೇಷ್ ಅಂದರು. ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಒಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣ ಎಂದರೆ ಯಾರಿಗೆ ಸಿಟ್ಟು ಬರದು? ನನಗೂ ಬಂತು. ಆದರೆ ಅರಳು ಮರಳಾದ ಅವ್ವನನ್ನು ಬಿಟ್ಟು ಹೋಗದೆ ಮನೆಗೆ ಕರೆತಂದವರಿಗೆ ಸರ್ಕಾರ ಏನು ಕೊಟ್ಟಿದೆ?

ನಮ್ಮ ಕಡೆಯನ್ನೇ ನೋಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಪಾಂಡವಪುರ ಉಪವಿಭಾಗದ ತಾಲ್ಲೂಕುಗಳು. ಹಿರಿಯರ ರಕ್ಷಣೆಯ 2007ರ ಕಾಯ್ದೆಯಲ್ಲಿ ದೂರು ಕೇಳುವವರು ಇಲ್ಲಿನ ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರು. ನೋಡಿಕೊಳ್ಳುವ ಷರತ್ತಿನ ಮೇಲೆ ಮಾಡಿದ ದಾನಪತ್ರವನ್ನು ಅವರು ರದ್ದು ಮಾಡಬಹುದು. (ಉಯಿಲಿನ ಮಾತು ಬೇರೆ. ಅದನ್ನು ಹಿಂದಕ್ಕೆ ಪಡೆಯಬೇಕಾದರೆ ಬರೆದವರ ಬುದ್ಧಿ ಸ್ವಾಧೀನದಲ್ಲಿರಬೇಕು!) ಸರಿ, ರದ್ದಾಯಿತು ಅನ್ನೋಣ. ರಾತ್ರಿ ಎರಡು ಗಂಟೆಗೆ ಚಿಲಕ ತೆಗೆದು, ‘ನಮ್ಮಪ್ಪನ ಮನೆಗೆ ಹೋಯ್ತೀನಿ’ ಅಂತ ನಾಲೆ ಕಡೆ ಹೊರಟ ಮುದುಕಿಯ ಹಿಂದೆ ಓಡುವವಳು ಸೊಸೆ. ಪಹಣಿಯಲ್ಲಿ ಅವಳ ಹೆಸರು ಮೊದಲೂ ಇರಲಿಲ್ಲ.

ಸೊಂಟದ ಮೂಳೆ ಮುರಿದು ದೊಡ್ಡಾಸ್ಪತ್ರೆ ಸೇರಿದ ಇಂಥವರಿಗೆ ಗುರುತಿಲ್ಲದ ವಾರ್ಡು, ನಿದ್ದೆಗೇಡು, ಸೋಂಕು, ಹೊಸ ಮಾತ್ರೆ ಎಲ್ಲ ಸೇರಿ ಗೊಂದಲ ಒಮ್ಮೆಲೇ ಏರುತ್ತದೆ. ವೈದ್ಯರು ಅದಕ್ಕೆ ಡೆಲಿರಿಯಂ ಅನ್ನುತ್ತಾರೆ. ಕೆಲವರು ವಾರಗಳಲ್ಲಿ ಸುಧಾರಿಸುತ್ತಾರೆ, ಕೆಲವರು ಮೊದಲಿನಂತಾಗುವುದೇ ಇಲ್ಲ. ಇದನ್ನು ಮನೆಯವರನ್ನು ಕೂರಿಸಿ ಹೇಳುವ ಪುರುಸೊತ್ತು ಎಷ್ಟು ಕಡೆ ಇದೆ? ಡಿಸ್ಚಾರ್ಜ್ ಚೀಟಿ, ಮಾತ್ರೆ ಕವರು, ಆಟೊ. ಮೂರನೇ ದಿನ ಅವ್ವ ಸೊಸೆಯನ್ನೇ ಕಳ್ಳಿ ಅಂದಾಗ ಊರು ಸೊಸೆಯನ್ನೇ ಅನುಮಾನಿಸುತ್ತದೆ.

ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಏಳು ಮಂದಿಗೆ ಈ ಅರಳು ಮರಳಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇದೆ ಎಂಬ ಅಂದಾಜಿದೆ. ಆದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ, ಡಿಮೆನ್ಷಿಯಾದ ಹೆಸರಿಲ್ಲ. ಪಾರ್ಕಿನ್ಸನ್ ಪೀಡಿತರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಎಂದು ರಾಜ್ಯದ 2024-25ರ ಬಜೆಟ್ ಘೋಷಿಸಿತು. ಪಕ್ಕದ ಮನೆಯಲ್ಲಿ ಅರಳು ಮರಳಿನ ಅತ್ತೆಗೆ ಬಟ್ಟೆ ಬದಲಿಸುವವಳ ದುಡಿಮೆ ಆ ಲೆಕ್ಕಕ್ಕೆ ಬರಲಿಲ್ಲ.

ಸಚಿವರಿಗೆ ನಿಜವಾಗಿ ಕಾಳಜಿಯಿದ್ದರೆ ಇನ್ನೊಂದು ಸುತ್ತೋಲೆ ಹೊರಡಿಸಲಿ. ಮನೆಗೆ ಕಳಿಸುವ ಹಿಂದಿನ ದಿನವೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಹೋಗಲಿ. ವಾರದೊಳಗೆ ಆಶಾ ಕಾರ್ಯಕರ್ತೆ ಮನೆಗೆ ಬರಲಿ, ಬಿಟ್ಟಿಯಾಗಲ್ಲ, ಅದಕ್ಕೆ ದುಡ್ಡು ಕೊಟ್ಟು. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥವರನ್ನು ಹಗಲು ನೋಡಿಕೊಳ್ಳುವ ಒಂದೊಂದು ಕೋಣೆ ತೆರೆಯಲಿ. ನಾಟಿ ದಿನವಾದರೂ ಆ ಸೊಸೆ ಬಾಗಿಲಿಗೆ ಬೀಗ ಜಡಿಯದೆ ಗದ್ದೆಗೆ ಹೋಗಬಹುದು.